ಕುಂಬಳೆ ಪೇಟೆಯ ಹಾರ್ಡ್‌ವೇರ್ ಅಂಗಡಿ: ರೆಡ್ ಅಲರ್ಟಿನ ವಾರದ ವ್ಯಾಪಾರ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆಯಲ್ಲಿ ಹೈವೇ ಬಿಟ್ಟು ಬದಿಯಡ್ಕ ರೋಡಿಗೆ ತಿರುಗಿ ಸ್ವಲ್ಪ ಮುಂದೆ ಬಂದ್ರೆ ಹೊರಗಡೆ ನೀಲಿ ಡ್ರಮ್ಮು, ಪಿವಿಸಿ ಪೈಪು, ಹಾರೆ ಪಿಕ್ಕಾಸು ಎಲ್ಲ ರಾಶಿ ಹಾಕಿದ ಒಂದು ಅಂಗಡಿ ಉಂಟಲ್ಲ, ಅದರ ಬಗ್ಗೆ ಬರೀತಿದ್ದೇನೆ. ಹೆಸರು ಹಾಕುದಿಲ್ಲ. ಅಂಗಡಿಯ ಯಜಮಾನರು, ನಾವೆಲ್ಲ ಕರೆಯುವ ಕಾಕನೇ ಹೇಳಿದ್ದು, "ಬರೆಯುದಾದ್ರೆ ಬರೀರಿ ಟೀಚರೇ, ಹೆಸರು ಮಾತ್ರ ಬೇಡ, ಈಗಲೇ ಮೇ ತಿಂಗಳಲ್ಲಿ ಉಸಿರು ಬಿಡ್ಲಿಕ್ಕೆ ಪುರುಸೊತ್ತಿಲ್ಲ" ಅಂತ. ಊರಿನವರಿಗೆ ಹೇಗೂ ಗೊತ್ತಾಗ್ತದೆ. ಸ್ಟಾರ್ ಕೊಡ್ಲೇಬೇಕಾದ್ರೆ ಐದರಲ್ಲಿ ನಾಲ್ಕು. ಒಂದು ಯಾಕೆ ಕಮ್ಮಿ ಅಂತ ಕೊನೆಗೆ ಬರ್ತದೆ.

2025ರ ಮೇ ಕೊನೆಯ ಮಾತು ಇದು. ಅರಬ್ಬೀ ಸಮುದ್ರದಲ್ಲಿ ಗೋವಾ ಕಡೆ ಏನೋ ಸುತ್ತುತ್ತಾ ಉಂಟು, ಡಿಪ್ರೆಶನ್ (ವಾಯುಭಾರ ಕುಸಿತ) ಆಗ್ಬಹುದು, ಸೈಕ್ಲೋನ್ ಕೂಡ ಆಗ್ಬಹುದು ಅಂತ ಸುದ್ದಿ ಬಂದ ಕೂಡ್ಲೆ ಟಿವಿಯವರು ಅದಕ್ಕೆ ಹೆಸರಿಟ್ಟು ತೊಟ್ಟಿಲು ತೂಗಿ ಆಗಿತ್ತು, ಹುಟ್ಟುವ ಮೊದಲೇ. ನಿಜಕ್ಕೂ ಗಾಳಿ ಗಂಟೆಗೆ 62 ಕಿಲೋಮೀಟರ್ ದಾಟಿದ್ರೆ ಮಾತ್ರ ಹವಾಮಾನ ಇಲಾಖೆಯವರು ಅದನ್ನು ಚಂಡಮಾರುತ ಅಂತ ಕರೆದು ಹೆಸರು ಕೊಡುದು, ಅದರ ಕೆಳಗೆ ಇದ್ರೆ ಬರೇ ಡಿಪ್ರೆಶನ್, ಡೀಪ್ ಡಿಪ್ರೆಶನ್ ಅಷ್ಟೇ. ಈ ಸಲದ್ದು ಹೆಸರು ಪಡೆಯುವಷ್ಟು ಬೆಳೆಯಲೇ ಇಲ್ಲ, ಮೇ 24ಕ್ಕೆ ಡಿಪ್ರೆಶನ್ ಆಗಿ ಅದೇ ದಿನ ರತ್ನಗಿರಿ ಹತ್ರ ದಡ ಹತ್ತಿ ಮುಗೀತು. ಆದ್ರೆ ಅದೇ 24ಕ್ಕೆ ಕೇರಳಕ್ಕೆ ಮುಂಗಾರು ಕೂಡ ಬಂದಾಯ್ತು ಅಂತ ಇಲಾಖೆ ಹೇಳಿತು, ಮಾಮೂಲಿ ಜೂನ್ 1ಕ್ಕೆ ಬರುದು, ಇಷ್ಟು ಬೇಗ ಬಂದದ್ದು 2009ರ ನಂತರ ಇದೇ. ಕಣ್ಣೂರು ಕಾಸರಗೋಡು ಎರಡಕ್ಕೂ ರೆಡ್ ಅಲರ್ಟ್. ರೆಡ್ ಅಂದ್ರೆ ಇಪ್ಪತ್ತನಾಲ್ಕು ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆ ಆಗ್ಬಹುದು ಅಂತ ಲೆಕ್ಕ. ಆರೆಂಜ್ ಅಂದ್ರೆ 115.6ರಿಂದ 204.4 ತನಕ, ಯೆಲ್ಲೋ ಅಂದ್ರೆ 64.5ರಿಂದ 115.5 ತನಕ. ನಮ್ಮ ಮಗನ ಬೇಜಾರು ಬೇರೆಯೇ, "ಶಾಲೆಗೆ ರಜೆ ಇರುವಾಗ ರೆಡ್ ಅಲರ್ಟ್ ಬಂದು ಎಂತ ಪ್ರಯೋಜನ" ಅಂತ.

ಇನ್ನೊಂದು ವಿಷಯ ಹೇಳ್ಬೇಕು, ಅಂಗಡಿಗೆ ಸಂಬಂಧ ಇಲ್ಲದಿದ್ರೂ. ಕನ್ನಡ ಚಾನೆಲ್ ಹಾಕಿದ್ರೆ ಮ್ಯಾಪಿನಲ್ಲಿ ಬಣ್ಣ ರಾಜ್ಯದ ಗಡಿ ತಲಪಾಡಿಗೆ ನಿಲ್ತದೆ. ದಕ್ಷಿಣ ಕನ್ನಡ ಕೆಂಪು, ಉಡುಪಿ ಕೆಂಪು, ಅಲ್ಲಿಂದ ಕೆಳಗೆ ಬೂದು, ಅಲ್ಲಿ ಮಳೆಯೇ ಬರುದಿಲ್ಲವೋ ಏನೋ ಅನ್ನುವ ಹಾಗೆ. ಕರ್ನಾಟಕದ ಜಿಲ್ಲೆಗಳ ಮುನ್ಸೂಚನೆ ಬೆಂಗಳೂರಿನ ಹವಾಮಾನ ಕೇಂದ್ರದಿಂದ ಬರುದು, ನಮ್ಮದು ತಿರುವನಂತಪುರದ್ದು. ಹಾಗಾಗಿ ಉಳ್ಳಾಲದಲ್ಲಿರುವ ತಂಗಿ ಫೋನ್ ಮಾಡಿ ನಮ್ಗೆ ಆರೆಂಜ್ ಅಂದ್ರೆ ಅದನ್ನು ಕೇಳಿ ಇಲ್ಲಿ ಬೈಹುಲ್ಲು ಹೊರಗೆ ಬಿಡ್ಲಿಕ್ಕಾಗುದಿಲ್ಲ, ಇಲ್ಲಿಯ ಬಣ್ಣ ಬೇರೆಯೇ ಇರ್ಬಹುದು. ಮಾವ ಮಾತ್ರ ಟಿವಿ ನಂಬುದೇ ಇಲ್ಲ, ಅವರದ್ದು ಸೆಲ್ ಹಾಕುವ ರೇಡಿಯೋ, 100.3ರಲ್ಲಿ ಮಂಗಳೂರು ಆಕಾಶವಾಣಿ, ಅದು ಕೊರಕೊರ ಆದ್ರೆ 101.5ಕ್ಕೆ ತಿರುಗಿಸಿ ಕಣ್ಣೂರು, ಎರಡನ್ನೂ ಕೇಳಿ ನಡುವಿನದ್ದು ನಮ್ಗೆ ಅಂತ ತೀರ್ಮಾನ ಮಾಡ್ತಾರೆ. ನಗಾಡ್ಬೇಡಿ, ಕರೆಂಟು ಟವರು ಎರಡೂ ಹೋದ ಮೇಲೆ ಮನೆಯಲ್ಲಿ ಸುದ್ದಿ ಹೇಳಿದ್ದು ಅದೊಂದೇ.

ಈಗ ಅಂಗಡಿ. ನಮ್ಮ ಮನೆ ನೀರ್ಚಾಲು ಬದಿಗೆ, ತೋಟದ ನಡುವೆ. ಬದಿಯಡ್ಕದಲ್ಲೂ ಹಾರ್ಡ್‌ವೇರ್ ಅಂಗಡಿಗಳು ಉಂಟು, ಅಲ್ಲಿ ಟರ್ಪಾಲು ಖಾಲಿ ಅಂದ ಮೇಲೆ ಗುರುವಾರ ಕುಂಬಳೆಗೆ ಇಳಿದದ್ದು. ಈ ಅಂಗಡಿಯ ಗಮ್ಮತ್ತು ಎಂತ ಅಂದ್ರೆ ಮೇಲಿನ ಗುಡ್ಡೆಯ ತೋಟದವರೂ ಇಲ್ಲಿಗೇ ಬರುದು, ಕೊಯ್ಪಾಡಿ ಕಡಪ್ಪುರದ (ಕಡಲ ಬದಿಯ) ಮೀನಿನವರೂ ಇಲ್ಲಿಗೇ ಬರುದು. ನಾನು ಹೋದಾಗ ಕೌಂಟರಿನ ಒಂದು ಕಡೆ ದೋಣಿ ಎಳೆದು ಕಟ್ಲಿಕ್ಕೆ ದಪ್ಪ ಹಗ್ಗ ತೂಗಿಸುವವರು, ಇನ್ನೊಂದು ಕಡೆ ಬಾಳೆಗೆ ಕಟ್ಲಿಕ್ಕೆ ಸಪೂರ ಹಗ್ಗ ತೂಗಿಸುವವರು, ನಡುವೆ ಒಬ್ರು ಅಜ್ಜ ಮಂಡೆಗೆ ಮುಂಡಾಸು ಕಟ್ಟಿಕೊಂಡು ಖಾಲಿ ಗೋಣಿ ಕೇಳ್ತಾ ನಿಂತಿದ್ದಾರೆ, ಹೊಯ್ಗೆ (ಮರಳು) ತುಂಬಿಸಿ ಮನೆ ಎದುರು ಇಡ್ಲಿಕ್ಕೆ. ಗುಡ್ಡೆಯವರಿಗೆ ಮರ ಬೀಳುವ ಹೆದರಿಕೆ, ಕಡಪ್ಪುರದವರಿಗೆ ಅಡಿಪಾಯವೇ ಹೋಗುವ ಹೆದರಿಕೆ. ಆ ಅಜ್ಜ ತೌಕ್ತೆ ಸೈಕ್ಲೋನಿನ ಟೈಮಿನಲ್ಲಿ ಉಪ್ಪಳ ಮುಸೋಡಿಯಲ್ಲಿ ಎರಡು ಮಾಳಿಗೆಯ ಒಂದು ಮನೆ ಕುಸಿದು ಸಮುದ್ರಕ್ಕೆ ಬಿದ್ದದ್ದನ್ನು ಹೇಳ್ತಿದ್ರು, 2021ರ ಮೇಯಲ್ಲಿ, ಎಲ್ಲರೂ ವಿಡಿಯೋ ನೋಡಿದ್ದೇವಲ್ಲ. ಆ ತೌಕ್ತೆ ದಡ ಹತ್ತಿದ್ದು ಎಲ್ಲಿ, ಗುಜರಾತಿನಲ್ಲಿ. ನಮ್ಮ ಎದುರು ಬರೇ ದೂರದಿಂದ ದಾಟಿ ಹೋದದ್ದು, ಅಷ್ಟಕ್ಕೇ ಹಾಗೆ.

ಇದೇ ಮಾತನ್ನು ಕಾಕ ಪ್ರತಿ ಗಿರಾಕಿಗೂ ಹೇಳ್ತಾರೆ, ನನ್ಗೆ ಅಂಗಡಿ ಮೆಚ್ಚಿಗೆ ಆದದ್ದು ಅಲ್ಲಿ. ಸೈಕ್ಲೋನ್ ನಮ್ಮ ಊರಿಗೆ ಬರುದಿಲ್ಲ, ಅದರ ಬಾಲ ಬರ್ತದೆ, ಬಾಲಕ್ಕೆ ಎಂತ ಬೇಕೋ ಅದನ್ನು ತೆಕ್ಕೊಳ್ಳಿ ಅಂತ. ಓಖಿ, ಮಹಾ, ತೌಕ್ತೆ, ಬಿಪರ್‌ಜಾಯ್ ಯಾವುದೂ ಕಾಸರಗೋಡಿನಲ್ಲಿ ದಡ ಹತ್ತಲಿಲ್ಲ. ಓಖಿಯಲ್ಲಿ 2017ರಲ್ಲಿ ತಿರುವನಂತಪುರ ಕಡೆ ಮೀನಿಗೆ ಹೋದ ಎಷ್ಟೋ ಮಂದಿ ವಾಪಸು ಬರ್ಲೇ ಇಲ್ಲ, ಅದು ನಡು ಕಡಲಿನ ಕತೆ. ಒಳಗೆ ನಮ್ಗೆ ಬರುದು ಎಂತ ಅಂದ್ರೆ ರಾತ್ರಿ ಎದ್ದು ಬೀಸುವ ಗಾಳಿ, ಅದಕ್ಕೆ ಕಂಗು (ಅಡಿಕೆ ಮರ) ನಡು ಮುರಿಯುದು, ಗೊನೆ ಹಾಕಿದ ನೇಂದ್ರ ಬಾಳೆ ಸಾಲು ಸಾಲು ಮಲಗುದು, ಮನೆ ಹಿಂದಿನ ಬರೆ (ಗುಡ್ಡೆಯ ಕಡಿದಾದ ಮಣ್ಣಿನ ಗೋಡೆ) ಜರಿಯುದು, ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದದ್ದು ಯಾವಾಗ ಬರ್ತದೆ ಅಂತ ದೇವರಿಗೇ ಗೊತ್ತು ಅನ್ನುವ ಪರಿಸ್ಥಿತಿ. ಟಿವಿಯಲ್ಲಿ ಮಾಡು ಹಾರಿ ಹೋಗುವ ವಿಡಿಯೋ ನೋಡಿ ಬಂದವರು ಕ್ಯಾಂಡಲ್ ಬಾಕ್ಸ್‌ಗಟ್ಟಲೆ, ಟೇಪು, ದೊಡ್ಡ ದೊಡ್ಡ ಟಾರ್ಚು ಕೇಳ್ತಿದ್ರು. ಕಾಕ ಮೊದಲು ಕೇಳುದು, "ಮನೆ ಹಂಚಿನದ್ದಾ ಶೀಟಿನದ್ದಾ? ಬರೆ ಉಂಟಾ ಹಿಂದೆ? ನೀರು ಎಲ್ಲಿಂದ?" ಈ ಮೂರು ಪ್ರಶ್ನೆ ಆಗದೆ ಸಾಮಾನು ತೆಗೆಯುದೇ ಇಲ್ಲ. ಹಿಂದೆ ನಿಂತವರಿಗೆ ರಗಳೆ ಆಗ್ತದೆ, ಒಬ್ರು ಬೊಬ್ಬೆ ಹಾಕಿದ್ರು ಕೂಡ, ಕಾಕ ಕೇಳಿಸದ ಹಾಗೆ ಇದ್ದರು.

ಮೊದಲು ಟರ್ಪಾಲು. ನಮ್ಮ ಸೌದಿ ಕೊಟ್ಟಗೆಗೆ ಮತ್ತೆ ಅಂಗಳದಲ್ಲಿ ಇನ್ನೂ ಒಣಗದೆ ಉಳಿದ ಸ್ವಲ್ಪ ಅಡಿಕೆಗೆ ಬೇಕಿತ್ತು, ಮಳೆ ಜೂನ್‌ಗೆ ಅಂತ ಧೈರ್ಯದಲ್ಲಿ ಇದ್ದವರೆಲ್ಲ ಈ ವರ್ಷ ಹಾಗೆಯೇ ಸಿಕ್ಕಿಹಾಕಿಕೊಂಡದ್ದು. ಟರ್ಪಾಲು ತೆಕ್ಕೊಳ್ಳುವಾಗ ಬಣ್ಣ ನೋಡ್ಬೇಡಿ, ಜಿಎಸ್‌ಎಂ ನೋಡಿ. ಒಂದು ಚದರ ಮೀಟರಿಗೆ ಎಷ್ಟು ಗ್ರಾಮ್ ತೂಕ ಅನ್ನುವ ಲೆಕ್ಕ ಅದು. ರೋಡ್ ಬದಿಯಲ್ಲಿ ರಾಶಿ ಹಾಕಿ ಮಾರುವ ತೆಳು ನೀಲಿಯದ್ದು 90 ಅಥವಾ ಅದಕ್ಕೂ ಕಮ್ಮಿ ಇರ್ತದೆ, ಒಂದು ಮಳೆಗಾಲ ಹೆಣಗಿದ್ರೆ ಜಾಸ್ತಿ. ಕಾಕ 200 ಜಿಎಸ್‌ಎಂ ತೆಗೆದ್ರು, ಬಿಡಿಸಿ ಒಂದು ಮೂಲೆ ನನ್ನ ಕೈಗೆ ಕೊಟ್ಟು ಉಗುರಿನಲ್ಲಿ ಗೀರಿ ನೋಡ್ಲಿಕ್ಕೆ ಹೇಳಿದ್ರು, ತೆಳುವಿನದ್ದರಲ್ಲಿ ಗೀರಿದ ಗೆರೆ ಬಿಳಿಯಾಗಿ ನಿಂತಿತು, ಇದರಲ್ಲಿ ಏನೂ ಆಗ್ಲಿಲ್ಲ. ಮತ್ತೆ ಅಂಚು ತೋರಿಸಿದ್ರು. ಅಂಚು ಮಡಚಿ ಒಳಗೆ ಹಗ್ಗ ಇಟ್ಟು ಅಂಟಿಸಿರ್ಬೇಕು, ಹಿತ್ತಾಳೆ ಬಣ್ಣದ ಕಣ್ಣು ಆ ಮಡಿಕೆಯ ಒಳಗೆ ಕೂತಿರ್ಬೇಕು, ಒಂದೇ ಪದರಕ್ಕೆ ಕಣ್ಣು ಹೊಡೆದಿದ್ರೆ ಗಾಳಿಗೆ ಮೊದಲು ಕಿತ್ತು ಬರುದೇ ಅದು. ಗಾಳಿಯಲ್ಲಿ ಟರ್ಪಾಲು ನಡುವಲ್ಲಿ ಹರಿಯುದು ಕಮ್ಮಿ, ಕಣ್ಣಿನ ಹತ್ರ ಹರಿಯುದೇ ಜಾಸ್ತಿ ಅಂತೆ. ಇನ್ನೊಂದು ಒಳ್ಳೆ ಮಾತು ಹೇಳಿದ್ರು, ಹಗ್ಗವನ್ನು ಸೀದಾ ಕಣ್ಣಿಗೆ ಬಿಗಿದು ಕಟ್ಬೇಡಿ, ಹಳೆ ಸೈಕಲ್ ಟ್ಯೂಬು ಕತ್ತರಿಸಿ ನಡುವೆ ಹಾಕಿ, ಗಾಳಿ ಎಳೆದಾಗ ಅದು ಸ್ವಲ್ಪ ಕೊಡ್ತದೆ, ಕಣ್ಣು ಉಳೀತದೆ ಅಂತ. ಟ್ಯೂಬು ಅವರಲ್ಲಿ ಇಲ್ಲ, ಆಚೆ ಪಂಚರ್ ಅಂಗಡಿಗೆ ಕಳಿಸಿದ್ರು, ಅಲ್ಲಿ ಪುಕ್ಕಟೆ ಸಿಕ್ಕಿತು. 18 ಅಡಿ ಬೈ 24 ಅಡಿಯದ್ದು ಒಂದು ಸಾಕು ಅಂದ್ರು, ನಾನು ಎರಡು ಕೇಳಿದ್ದೆ. ಅವತ್ತು ಟರ್ಪಾಲಿಗೆ ಇದ್ದ ಡಿಮಾಂಡಿಗೆ ಎರಡು ಕೇಳಿದವರಿಗೆ ಒಂದು ಕೊಟ್ಟು ಕಳಿಸುವ ವ್ಯಾಪಾರಿ ನಾನಂತೂ ಬೇರೆ ಕಂಡಿಲ್ಲ. ರೇಟು ಮಾರ್ಚಿನಲ್ಲಿ ಆಚೆ ಮನೆಯವರು ತೆಕ್ಕೊಂಡಾಗ ಇದ್ದದ್ದೇ, ಚೀಟಿ ತಾಳೆ ನೋಡಿದ್ದೇನೆ.

ಶೀಟಿನ ವಿಷಯ ಬಹಳ ಮಂದಿಗೆ ಉಪಯೋಗ ಆಗ್ಬಹುದು. ಈಗ ಎಲ್ಲರೂ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿಸಿದ್ದೇವೆ, ಸೋರುದು ನಿಲ್ತದೆ, ಬಟ್ಟೆ ಒಣಗ್ತದೆ, ಅಡಿಕೆ ಹಾಕ್ಲಿಕ್ಕೂ ಆಗ್ತದೆ ಅಂತ. ನಾಲ್ಕು ಬದಿ ಖಾಲಿ ಇರುವ ಕಾರಣ ಗಾಳಿ ಅಡಿಯಿಂದ ನುಗ್ಗಿ ಶೀಟನ್ನು ಮೇಲೆ ಎತ್ತುದು. ನಮ್ಮ ಮನೆಯವರು ಶೀಟಿನ ಮೇಲೆ ಹೊಯ್ಗೆ ಗೋಣಿ ಇಡುವ ಅಂದಿದ್ರು, ಆಚೆ ಮನೆಯವರು ಕೆಂಪು ಕಲ್ಲೇ ಇಟ್ಟಿದ್ದಾರೆ. ಕಾಕನ ಲೆಕ್ಕದಲ್ಲಿ ಕಲ್ಲು ಇಡುದು ದೊಡ್ಡ ತಪ್ಪು, ಶೀಟು ಅಲ್ಲಾಡಿದ್ರೆ ಕಲ್ಲು ಕೆಳಗೆ ನಿಂತವರ ಮಂಡೆಗೆ. ಸ್ಕ್ರೂ ನೋಡ್ಬೇಕು. ಸ್ಕ್ರೂವಿನ ಅಡಿಯ ಕಪ್ಪು ರಬ್ಬರ್ ವಾಶರ್ ಬಿಸಿಲಿಗೆ ಕೆಲವೇ ವರ್ಷದಲ್ಲಿ ಒಡೀತದೆ, ಒಡೆದ ಮೇಲೆ ಸ್ಕ್ರೂ ಎಷ್ಟು ತಿರುಗಿಸಿದ್ರೂ ಹಿಡಿಯುದಿಲ್ಲ, ತೂತು ದೊಡ್ಡದಾಗ್ತದೆ ಅಷ್ಟೇ. ಅಂಚಿನ ಸಾಲು ಮತ್ತೆ ಮೂಲೆ, ಅಲ್ಲಿ ಗಾಳಿಯ ಎಳೆತ ಜಾಸ್ತಿ, ಅಷ್ಟು ಬದಲಿಸಿದ್ರೆ ಈ ಸಲಕ್ಕೆ ಆಯ್ತು ಅಂದ್ರು. ವಾಶರ್ ಸಮೇತ ಸ್ಕ್ರೂ ಒಂದು ಪ್ಯಾಕೆಟು, ಡ್ರಿಲ್ಲಿನ ತುದಿಗೆ ಹಾಕುವ ಬಿಟ್ಟು ಒಂದು. ಇಡೀ ಬಿಲ್ಲಿನಲ್ಲಿ ಅತಿ ಕಮ್ಮಿ ದುಡ್ಡಿನ ಸಾಮಾನು ಇದೇ ಇರ್ಬೇಕು. ಶುಕ್ರವಾರ ಬೆಳಿಗ್ಗೆ ಮಳೆ ಹೊಳವಾದಾಗ ಮನೆಯವರು ಮೇಲೆ ಹತ್ತಿ ಹಾಕಿ ಇಳಿದ್ರು. ಶನಿವಾರ ರಾತ್ರಿಯ ಗಾಳಿಗೆ ನಮ್ಮ ಶೀಟು ಶಬ್ದ ಮಾಡಿತು ಬಿಟ್ರೆ ಒಂದೂ ಎದ್ದಿಲ್ಲ. ಕಲ್ಲು ಇಟ್ಟವರ ಮನೆಯದ್ದು ಹಿಂದಿನ ಎರಡು ಶೀಟು ಬಾಗಿತು, ದೇವರ ದಯೆ ಕಲ್ಲು ಅಂಗಳಕ್ಕೆ ಬಿದ್ದದ್ದು.

ಇನ್ನು ರಾಟೆ. ಇದಕ್ಕೇ ನಾನು ಈ ರಿವ್ಯೂ ಬರೀಬೇಕು ಅಂತ ಹೊರಟದ್ದು. "ನೀರು ಎಲ್ಲಿಂದ" ಅಂತ ಕೇಳಿದಾಗ ಬಾವಿ, ಪಂಪು, ಮೇಲೆ ಸಾವಿರ ಲೀಟರಿನ ಟ್ಯಾಂಕಿ ಅಂದೆ. "ಟ್ಯಾಂಕಿ ಒಂದು ದಿನಕ್ಕೆ, ಹೆಚ್ಚಂದ್ರೆ ಎರಡು. ಹಟ್ಟಿಯಲ್ಲಿ ದನ ಉಂಟಾ? ಹಾಗಾದ್ರೆ ಒಂದೇ. ಬಾವಿಗೆ ರಾಟೆ ಉಂಟಾ ಟೀಚರೇ?" ರಾಟೆ ಇಲ್ಲ. ಪಂಪು ಬಂದ ಮೇಲೆ ಬಾವಿಗೆ ಕಬ್ಬಿಣದ ಬಲೆ ಮುಚ್ಚಿ, ಕಂಬ ಇದ್ದಲ್ಲಿ ತುಳಸಿ ಚಟ್ಟಿ ಇಟ್ಟು ಎಷ್ಟೋ ಕಾಲ ಆಯ್ತು. ಎಲ್ಲರ ಮನೆಯಲ್ಲೂ ಹಾಗೆಯೇ ಅಲ್ವಾ? ಬಾವಿಯಲ್ಲಿ ಬಾಯಿ ತನಕ ನೀರು, ಕರೆಂಟು ಇಲ್ಲದಿದ್ರೆ ಒಂದು ಚೆಂಬು ಮೇಲೆ ಬರ್ಲಿಕ್ಕೆ ದಾರಿ ಇಲ್ಲ. ಬಾಯಾರು, ಪೆರ್ಲ ಕಡೆ ಸುರಂಗ ಇರುವವರಿಗೆ ಈ ಚಿಂತೆ ಇಲ್ಲ, ಗುಡ್ಡೆಯ ಒಳಗೆ ಅಡ್ಡಕ್ಕೆ ಕೊರೆದದ್ದು, ನೀರು ತನ್ನಷ್ಟಕ್ಕೇ ಹರಿದು ಬರ್ತದೆ, ಹಿಂದೆ ಕಂಗಿನ ದಂಬೆಯಲ್ಲಿ ಬರ್ತಿತ್ತು, ಈಗ ಪೈಪಿನಲ್ಲಿ. ನಮ್ಮಲ್ಲಿ ಅದಿಲ್ಲ.

ಕಾಕ ಒಳಗೆ ಹೋಗಿ ಎರಡು ರಾಟೆ ತಂದು ಇಟ್ರು. ಒಂದು ಹಳೆ ನಮೂನೆ ಬೀಡಿನದ್ದು (ಎರಕದ ಕಬ್ಬಿಣದ್ದು), ನಡುವೆ ಬರೇ ಕಬ್ಬಿಣದ ಕಡ್ಡಿ, ತಿರುಗಿಸಿದ್ರೆ ಕಿರ್ರ್ ಅಂತ ಊರಿಗೇ ಕೇಳ್ತದೆ. ಇನ್ನೊಂದರಲ್ಲಿ ಬೇರಿಂಗು, ಬೆರಳಲ್ಲಿ ತಟ್ಟಿದ್ರೆ ಸುಮಾರು ಹೊತ್ತು ತನ್ನಷ್ಟಕ್ಕೇ ತಿರುಗ್ತಾ ಇತ್ತು. ರೇಟು ಹೆಚ್ಚುಕಮ್ಮಿ ದುಪ್ಪಟ್ಟು. "ಎಳೆಯುದು ಯಾರು?" ಅಂತ ಕೇಳಿದ್ರು. ಎಳೆಯುದು ನಾನೇ, ಅತ್ತೆಗೆ ಮೊಣಕಾಲು. "ಹಾಗಾದ್ರೆ ಬೇರಿಂಗಿನದ್ದು." ಹಗ್ಗ ಕೂಡ ನೈಲಾನ್ ಬೇಡ ಅಂದ್ರು, ಒದ್ದೆ ಆದ್ರೆ ಜಾರ್ತದೆ, ಕೈ ಸುಲೀತದೆ, ಹತ್ತಿ ಹಗ್ಗ ತೆಕ್ಕೊಳ್ಳಿ, ಬಾವಿಯ ಆಳಕ್ಕಿಂತ ಒಂದು ಮಾರು ಜಾಸ್ತಿ ಇರ್ಲಿ ಅಂತ. ಕೊಡಪಾನಕ್ಕೆ ಕಟ್ಟುವ ಕೊಕ್ಕೆ ಅವರೇ ಹಾಕಿ ಕೊಟ್ರು. ಕರೆಂಟು ಶನಿವಾರ ರಾತ್ರಿ ಹೋಯ್ತು, ಬರುವಾಗ ವಾರ ಅರ್ಧ ಕಳೆದಿತ್ತು. ಲೈನ್‌ಮನ್‌ಗಳನ್ನು ಬೈದು ಪ್ರಯೋಜನ ಇಲ್ಲ, ಒಂದೇ ರೋಡಿನಲ್ಲಿ ಎಷ್ಟು ಕಂಬ ಮುರಿದಿತ್ತು ಅಂತ ನಾವೇ ನೋಡಿದ್ದೇವೆ, ಆ ಮಳೆಯಲ್ಲಿ ಕಂಬ ಹತ್ತುವವರ ಪಾಡು ಬೇಡ. ಅಷ್ಟೂ ದಿನ ನಮ್ಮ ಮನೆಗೆ, ಹಟ್ಟಿಗೆ, ಆಚೆ ಮನೆಯ ಎರಡು ಕುಟುಂಬಕ್ಕೆ ನೀರು ಬಂದದ್ದು ಆ ರಾಟೆಯಿಂದ. ಅತ್ತೆ ಮೊಣಕಾಲು ಹಿಡ್ಕೊಂಡು ಬಂದು ಒಂದು ಕೊಡಪಾನ ಎಳೆದು ನೋಡಿ "ನಮ್ಮ ಕಾಲದಲ್ಲಿ ಇಂಥದ್ದು ಇದ್ದಿದ್ರೆ" ಅಂತ ಕಾಕನಿಗೆ ಸರ್ಟಿಫಿಕೇಟು ಕೊಟ್ಟಾಯ್ತು. ಈಗ ತುಳಸಿ ಚಟ್ಟಿ ಬೇರೆ ಕಡೆ.

ಹಗ್ಗ ಇಲ್ಲಿ ಕಿಲೋ ಲೆಕ್ಕ, ಮಾರಿನ ಲೆಕ್ಕ ಕೇಳಿ ಜಗಳ ಮಾಡ್ಬೇಡಿ. ಬಾಳೆಗೆ ಸಪೂರದ್ದು ಸಾಕು, ಒಂದು ಬಾಳೆಯನ್ನು ಗೂಟಕ್ಕೆ ಕಟ್ಟುವ ಬದಲು ನಾಲ್ಕೈದು ಬಾಳೆಯನ್ನು ಒಂದಕ್ಕೊಂದು ಕಟ್ಟಿದ್ರೆ ಉಳಿಯುವ ಸಂಭವ ಜಾಸ್ತಿ, ಅದೂ ಗೊನೆಯ ಕುತ್ತಿಗೆಯ ಹತ್ರ. ನಮ್ಮದರಲ್ಲಿ ಕಟ್ಟಿದ್ದು ಹೆಚ್ಚಿನದ್ದು ಉಳೀತು, ಕಟ್ಲಿಕ್ಕೆ ಹಗ್ಗ ಸಾಲದೆ ಬಿಟ್ಟ ಸಾಲು ಪೂರ್ತಿ ಮಲಗಿತು, ಓಣಂಗೆ ಚಿಪ್ಸ್ ಅಂಗಡಿಯವರಿಗೆ ಅಂತ ಇಟ್ಟದ್ದು. ಕಂಗಿಗೆ ಮಾತ್ರ ಯಾವ ಹಗ್ಗವೂ ಇಲ್ಲ, ಗಾಳಿ ತಿರುಗಿಸಿ ಹೊಡೆದ್ರೆ ನಡುವಿಗೇ ಮುರೀತದೆ, ನೋಡ್ತಾ ಕೂರುದೇ. ಅಡಿಕೆಯವರಿಗೆ ಈ ಸಲ ಇನ್ನೊಂದು ತಲೆಬಿಸಿ, ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡ್ಬೇಕು, ಒಂದು ಕಿಲೋ ಮೈಲುತುತ್ತು ಒಂದು ಕಿಲೋ ಸುಣ್ಣ ನೂರು ಲೀಟರ್ ನೀರಿಗೆ, ಮಳೆ ವಾರ ಮೊದಲೇ ಬಂದು ಕೂತ್ರೆ ಬಿಡುದು ಯಾವಾಗ? ಮೈಲುತುತ್ತು ಕಾಕನಲ್ಲಿ ಇಲ್ಲ, ಅದಕ್ಕೆ ಬೇರೆ ಅಂಗಡಿಗೇ ಹೋಗ್ಬೇಕು.

ಬೆಳಕಿನ ವಿಷಯಕ್ಕೆ ಬರುವ, ಸ್ಟಾರ್ ಕಮ್ಮಿ ಆದದ್ದು ಇಲ್ಲಿ. ಕರೆಂಟು ಹೋದ ಮೇಲೂ ಉರಿಯುವ ಬಲ್ಬು, ಒಳಗೆ ಬ್ಯಾಟರಿ ಇರುವಂಥದ್ದು, ಎರಡು ತೆಕ್ಕೊಂಡೆ. ಅದು ಅಡ್ಡಿಲ್ಲ, ಮೂರು ಗಂಟೆ ಚಿಲ್ಲರೆ ಉರೀತು. ಆದ್ರೆ ಚಾರ್ಜ್ ಆಗ್ಲಿಕ್ಕೆ ಕರೆಂಟೇ ಬೇಕಲ್ಲ, ಮೊದಲ ರಾತ್ರಿಗೆ ಮುಗೀತು. ಒಂದು ರಾತ್ರಿಯ ಪವರ್‌ಕಟ್ಟಿಗೆ ಮಾಡಿದ ಸಾಮಾನು ಅದು, ಇಂಥದ್ದಕ್ಕೆ ಸಾಲದು. ದೊಡ್ಡದು ಒಂದು ರೀಚಾರ್ಜ್ ಲ್ಯಾಂಪು, ಮೇಲೆ ಸಣ್ಣ ಸೋಲಾರ್ ಪ್ಲೇಟು ಇರುವಂಥದ್ದು, ಇಪ್ಪತ್ತು ಗಂಟೆ ಅಂತ ಬಾಕ್ಸಿನಲ್ಲಿ ಬರೆದದ್ದು, ಅದನ್ನು ಕೌಂಟರಿನ ಹುಡುಗ ಕೊಟ್ಟದ್ದು, ಕಾಕ ಆಗ ನಮಾಜಿಗೆ ಹೋಗಿದ್ರು. ಫುಲ್ ಚಾರ್ಜ್ ಮಾಡಿ ಇಟ್ಟ ಲ್ಯಾಂಪು ಊಟ ಮುಗಿಯುವ ಮೊದಲೇ ಮಂಕಾಯ್ತು, ಮಲಗುವಾಗ ಬೆಂಕಿಕಡ್ಡಿಯೇ ವಾಸಿ. ಇನ್ನು ಮೇ ಕೊನೆಯ ಮೋಡದಲ್ಲಿ ಸೋಲಾರ್ ಪ್ಲೇಟು ಎಂತ ಮಾಡ್ತದೆ, ಇಡೀ ದಿನ ಅಂಗಳದ ಕಟ್ಟೆಯಲ್ಲಿಟ್ರೂ ಹಸಿರು ಲೈಟು ಒಮ್ಮೆ ಮಿಣಕ್ ಅಂತು ಅಷ್ಟೇ. ಕೊನೆಗೆ ಮನೆ ನಡೆಸಿದ್ದು ಮಾವನ ರೇಡಿಯೋದ ಜೊತೆಗೆ ತೆಕ್ಕೊಂಡ ಸೆಲ್ ಹಾಕುವ ಸಣ್ಣ ಟಾರ್ಚು ಮತ್ತೆ ಅತ್ತೆಯ ಚಿಮಿಣಿ ದೀಪ. ನನ್ನ ಅಭಿಪ್ರಾಯ, ಸೆಲ್ಲಿನ ಟಾರ್ಚು ಎರಡು ತೆಕ್ಕೊಳ್ಳಿ, ಸೆಲ್ಲು ಜಾಸ್ತಿ ತೆಕ್ಕೊಳ್ಳಿ, ಚಾರ್ಜಿನದ್ದಕ್ಕೆ ದುಡ್ಡು ಸುರೀಬೇಡಿ. ಫೋನಿಗೆ ಪವರ್ ಬ್ಯಾಂಕ್ ಇದ್ರೆ ಆಯ್ತು. ಮೊಬೈಲಿನಲ್ಲಿ ಟಾರ್ಚ್ ಹಾಕಿಕೊಂಡು ಹಟ್ಟಿಗೆ ಹೋಗುವ ಮಕ್ಕಳಿಗೆ ಬೈದು ಬೈದು ನನ್ನ ಬಾಯಿ ಒಣಗಿತು.

ಸರ್ಕಾರದವರು ಹೇಳುವ ಎಮರ್ಜೆನ್ಸಿ ಕಿಟ್ಟಿನ ಪಟ್ಟಿ ಉಂಟಲ್ಲ, ಟಾರ್ಚು, ರೇಡಿಯೋ, ಕುಡಿಯುವ ನೀರು, ಒಆರ್‌ಎಸ್, ದಿನಾ ತೆಕ್ಕೊಳ್ಳುವ ಮದ್ದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ರೇಷನ್ ಕಾರ್ಡು, ಸ್ವಲ್ಪ ಕ್ಯಾಶು, ಒಂದು ವಿಸಿಲ್ಲು, ಅದನ್ನು ಯಾರೋ ಮಲಯಾಳದಲ್ಲಿ ಪ್ರಿಂಟ್ ಹಾಕಿಸಿ ಕೌಂಟರಿನ ಗ್ಲಾಸಿಗೆ ಅಂಟಿಸಿದ್ದಾರೆ, ಅಡಿಯಲ್ಲಿ ಕಾಕ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದದ್ದು ಉಂಟು. ಮಳೆಗಾಲದಲ್ಲಿ ಬರೆ ಇರುವ ಮನೆಯವರಿಗೆ ಆ ವಿಸಿಲ್ಲು ತಮಾಷೆ ಅಲ್ಲ. 1077 ಜಿಲ್ಲೆಯ ಕಂಟ್ರೋಲ್ ರೂಮು, 1912 ಕರೆಂಟಿನವರದ್ದು, ಎರಡೂ ಗೋಡೆಯಲ್ಲಿ ದೊಡ್ಡದಾಗಿ ಬರೆದದ್ದು ಉಂಟು. ಮರ ಕಡಿಸ್ಲಿಕ್ಕೆ ಇರುವವರಿಗೆ ಕಾಕನಲ್ಲಿ ಮೆಶಿನ್ ಗರಗಸದವರ ನಂಬರು ಸಿಗ್ತದೆ, ಆದ್ರೆ ಲೈನಿಗೆ ತಾಗುವ ಗೆಲ್ಲು ಅಂದ್ರೆ ನಂಬರು ಕೊಡುದಿಲ್ಲ, ಮೊದಲು ಕರೆಂಟಾಫೀಸಿಗೆ ಹೇಳಿ ಲೈನ್ ಆಫ್ ಮಾಡಿಸಿ ಅಂತ ವಾಪಸು ಕಳಿಸ್ತಾರೆ. ಒಬ್ರು ಹಾಗೆ ಹೋದದ್ದು ಸಿಟ್ಟಿನಲ್ಲೇ. ಹೋಗ್ಲಿ.

ತೊಂದರೆಗಳನ್ನೂ ಹೇಳ್ತೇನೆ. ಪಾರ್ಕಿಂಗ್ ಅಂತ ಇಲ್ಲವೇ ಇಲ್ಲ, ಆಗ ಹೈವೇ ಕೆಲಸದಲ್ಲಿ ಸರ್ವೀಸ್ ರೋಡು ಯಾವ ದಿನ ಯಾವ ಕಡೆ ತಿರುಗ್ತದೆ ಅಂತ ಗೊತ್ತಾಗ್ತಿರ್ಲಿಲ್ಲ, ಸ್ಕೂಟರಿನಲ್ಲಿ ಹೋದ್ರೆ ವಾಸಿ, ದೊಡ್ಡ ಸಾಮಾನಿಗೆ ರಿಕ್ಷಾ ಮಾಡಿ. ಶುಕ್ರವಾರ ಹನ್ನೆರಡೂವರೆಯಿಂದ ಎರಡರ ತನಕ ಜುಮಾಕ್ಕೆ ಶಟರ್ ಅರ್ಧ ಎಳೆದಿರ್ತದೆ, ಕೌಂಟರಿನಲ್ಲಿ ಆ ಹುಡುಗ ಒಬ್ಬನೇ, ಅವನಿಗೆ ಕೇಳಿದ್ದನ್ನು ತೆಗೆದು ಕೊಡುದು ಮಾತ್ರ ಗೊತ್ತು, ಸ್ಕ್ರೂ ಹಾಕಿಸಿ ಆದ ಮೇಲೆ ಬೆಳಕಿನ ಸಾಮಾನಿಗೆ ಅಂತ ಪುನಃ ಬಂದಾಗ ನನ್ನ ಲ್ಯಾಂಪು ಬಂದದ್ದು ಆ ಹೊತ್ತಿಗೆ. ಬಿಲ್ಲು ಕೇಳದಿದ್ರೆ ಚೀಟಿಯಲ್ಲಿ ಪೆನ್ಸಿಲ್ ಲೆಕ್ಕ, ಕೇಳಿದ್ರೆ ಕಂಪ್ಯೂಟರಿನದ್ದು ಕೊಡ್ತಾರೆ, ಮುಖ ಸ್ವಲ್ಪ ಸಣ್ಣದಾಗ್ತದೆ. ಕೇಳಿ ತೆಕ್ಕೊಳ್ಳಿ, ವಾರಂಟಿ ಸಾಮಾನಿಗಂತೂ ಬೇಕೇ ಬೇಕು. ಸೋಮವಾರ ಕೆಲವರು ಹೋದಾಗ ನೆಟ್‌ವರ್ಕ್ ಇಲ್ಲದೆ ಗೂಗಲ್ ಪೇ ನಡೀಲಿಲ್ಲ, ಗುರುತಿನವರಿಗೆ ಕಾಕ ಪುಸ್ತಕದಲ್ಲಿ ಬರೆದು ಸಾಮಾನು ಕೊಟ್ರಂತೆ, ಗುರುತಿಲ್ಲದವರಿಗೆ ಕ್ಯಾಶು. ಅದರಲ್ಲಿ ನನಗೆ ತಪ್ಪು ಕಾಣುದಿಲ್ಲ, ಮನೆಯಲ್ಲಿ ಐನೂರು ಇನ್ನೂರರ ನೋಟು ಸ್ವಲ್ಪ ಇಟ್ಕೊಳ್ಳಿ.

ಟರ್ಪಾಲು ಬೇಕಾದವರು ಏಪ್ರಿಲಿನಲ್ಲೇ ಹೋಗುದು ಒಳ್ಳೇದು, 200 ಜಿಎಸ್‌ಎಂನದ್ದು ಮೇ ಮೂರನೇ ವಾರಕ್ಕೆ ಅಳತೆ ಬೇಕಾದ್ದು ಸಿಗುದಿಲ್ಲ, ದೊಡ್ಡದು ತೆಕ್ಕೊಂಡು ಮಡಚಿ ಕಟ್ಬೇಕಾಗ್ತದೆ. ಬೇರಿಂಗಿನ ರಾಟೆ ನಾನು ಹೋದಾಗ ಅವರಲ್ಲಿ ಕಮ್ಮಿಯೇ ಇತ್ತು, ಆಮೇಲೆ ನೀರ್ಚಾಲಿನಿಂದ ನನ್ನ ಮಾತು ಕೇಳಿ ಹೋದವರಿಗೆ ಬೀಡಿನದ್ದೇ ಗತಿ ಆಯ್ತು, ಈಗ ಹೊಸ ಸ್ಟಾಕು ಬಂದಿದೆ ಅಂತ ಕೇಳಿದ್ದೇನೆ.

ಲ್ಯಾಂಪು ವಾಪಸು ತೆಕ್ಕೊಂಡು ಹೋದಾಗ ಕಾಕ ಒಂದು ಮಾತೂ ಆಡದೆ ತಕ್ಕೊಂಡ್ರು, ಹುಡುಗನ ಕಡೆ ಒಮ್ಮೆ ನೋಡಿದ್ರು ಅಷ್ಟೇ. ಆದ್ರೆ ದುಡ್ಡು ವಾಪಸು ಸಿಗ್ಲಿಲ್ಲ, ಕಂಪನಿಯ ಜನ ಬಂದು ನೋಡಿದ ಮೇಲೆ ಬದಲು ಕೊಡುದು ಅಂತ ಹೇಳಿದ್ದಾರೆ. ಮಳೆಗಾಲ ಮುಗಿದ್ರೂ ಕಂಪನಿಯ ಜನ ಬಂದಿಲ್ಲ, ಲ್ಯಾಂಪು ಕೌಂಟರಿನ ಅಡಿಯಲ್ಲಿ ನನ್ನ ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿದೆ. ಬದಲು ಸಿಕ್ಕಿದ ದಿನ ಇಲ್ಲಿ ಬಂದು ಐದನೇ ಸ್ಟಾರು ಹಾಕ್ತೇನೆ.